ಎಡಗಣ್ಣಿನ ಕೆಳಗಿನ ಸುಳಿ

ಕುದುರೆ ಎಕ್ಸ್‌ಪೋಗೆ ಬಂದವರು ಒಳಗೆ ಏನೇನು ನೋಡಿದೆವು ಅಂತ ವರ್ಷವಿಡೀ ಹೇಳಿಕೊಂಡು ಓಡಾಡುತ್ತಾರೆ. ನಾನು ಮೂರು ವರ್ಷ ಹೋಗಿದ್ದೇನೆ, ಒಳಗಿನದ್ದು ಅಷ್ಟಾಗಿ ನೋಡಿಲ್ಲ. ನಾನು ಪಶುವೈದ್ಯೆ, ನನ್ನ ಕೆಲಸ ಗೇಟಿನಲ್ಲಿ.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಹಿಂದೆ ದ್ರಾಕ್ಷಿ ತೋಟವಾಗಿದ್ದ ಬಯಲಿನಲ್ಲಿ ಎಕ್ಸ್‌ಪೋ ನಡೆಯುತ್ತದೆ. ಚಪ್ಪರದ ಕಲ್ಲುಕಂಬಗಳು ಒಂದು ಮೂಲೆಯಲ್ಲಿ ಇನ್ನೂ ನಿಂತಿವೆ, ಕುದುರೆಗಳನ್ನು ಅವಕ್ಕೇ ಕಟ್ಟುತ್ತಾರೆ. ತಲೆಯ ಮೇಲೆ ವಿಮಾನ ಇಳಿಯುತ್ತಲೇ ಇರುತ್ತದೆ. ಹೊರಗಿನಿಂದ ಬಂದ ಕುದುರೆಗಳು ಮೊದಲ ದಿನ ಬೆದರುತ್ತವೆ. ನಮ್ಮ ಸುತ್ತಮುತ್ತಲಿನವು ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಗೇಟಿನ ಪಕ್ಕ ನನಗೊಂದು ಶಾಮಿಯಾನ, ಒಂದು ಟೇಬಲ್ಲು, ಲಾರಿಯ ಚಕ್ರಗಳು ಹಾಯ್ದು ಬರಲಿ ಅಂತ ಔಷಧದ ನೀರಿನಲ್ಲಿ ನೆನೆಸಿ ಹಾಸಿದ ಗೋಣಿತಾಟು.

ಲಾರಿಯಿಂದ ಇಳಿಯುವ ಪ್ರತಿ ಕುದುರೆಯೂ ಮೊದಲು ನನ್ನ ಮುಂದೆ ನಿಲ್ಲಬೇಕು. ಜ್ವರ ನೋಡುತ್ತೇನೆ. ಮೂಗಿನ ಹೊಳ್ಳೆಯೊಳಗೆ ಟಾರ್ಚು ಬಿಟ್ಟು ಹುಣ್ಣು, ಸಿಂಬಳ ಇದೆಯಾ ನೋಡುತ್ತೇನೆ. ದವಡೆಯ ಕೆಳಗೆ ಗಂಟು ಊದಿದೆಯಾ ಅಂತ ಬೆರಳಲ್ಲಿ ಒತ್ತುತ್ತೇನೆ. ಆಮೇಲೆ ರಕ್ತ ಪರೀಕ್ಷೆಯ ಸರ್ಟಿಫಿಕೇಟು. ಅದರಲ್ಲಿ ಕುದುರೆಯ ಚಿತ್ರ ಇರುತ್ತದೆ, ಎಡಗಡೆಯಿಂದ, ಬಲಗಡೆಯಿಂದ, ಎದುರಿನಿಂದ. ಹಣೆಯ ಬಿಳಿ ಮಚ್ಚೆ, ಕಾಲಿನ ಬಿಳುಪು, ಮೈಮೇಲಿನ ಸುಳಿಗಳು ಎಲ್ಲವನ್ನೂ ರಕ್ತ ತೆಗೆದ ಡಾಕ್ಟರು ಅದರಲ್ಲಿ ಗುರುತು ಹಾಕಿರಬೇಕು. ಚಿತ್ರದಲ್ಲಿರುವ ಕುದುರೆಯೂ ನನ್ನೆದುರು ನಿಂತಿರುವ ಕುದುರೆಯೂ ಒಂದೇ ಅಂತ ನನಗೆ ಖಾತ್ರಿಯಾದರೆ ಗೇಟು ತೆಗೆಯುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ ಗ್ಲ್ಯಾಂಡರ್ಸ್ ಅನ್ನುವ ರೋಗ. ಕುದುರೆಯಿಂದ ಕುದುರೆಗೆ ಹತ್ತುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಬಂದ ಕುದುರೆಗೆ ಚಿಕಿತ್ಸೆ ಕೊಡುವ ಹಾಗಿಲ್ಲ. ಸರ್ಕಾರದವರು ಬಂದು ಇಂಜೆಕ್ಷನ್ ಕೊಟ್ಟು ಮಲಗಿಸಿ ಆಳವಾಗಿ ಹೂಳಬೇಕು. ಸುತ್ತಲಿನ ಊರುಗಳಲ್ಲಿ ಒಂದು ಕುದುರೆಯೂ ಲಾಯ ಬಿಟ್ಟು ಹೊರಡುವಂತಿಲ್ಲ.

ಮೊದಲ ವರ್ಷದ ಎಕ್ಸ್‌ಪೋದಲ್ಲಿ ಗೇಟು ಹೆಸರಿಗಷ್ಟೇ ಇತ್ತು. ಯಾರೋ ಒಂದೇ ಬಣ್ಣದ ಎರಡು ಕುದುರೆ ಇಟ್ಟುಕೊಂಡು, ಆರೋಗ್ಯವಾಗಿದ್ದುದರ ಸರ್ಟಿಫಿಕೇಟು ತೋರಿಸಿ ಇನ್ನೊಂದನ್ನು ಒಳಗೆ ತಂದಿದ್ದ. ಹೊಂದಾಣಿಕೆಯಾಗದ ಸುಳಿಯನ್ನು ಬ್ಲೇಡಿನಿಂದ ಬೋಳಿಸಿ, ಗಾಯವಾಗಿತ್ತು ಮೇಡಂ ಅಂದಿದ್ದ. ನಾನೂ ನಂಬಿದ್ದೆ. ಕೊನೆಯ ದಿನ ಆ ಕುದುರೆಯ ಮೂಗಿನಿಂದ ಕೀವು ಇಳಿಯಿತು. ಅದು ಗ್ಲ್ಯಾಂಡರ್ಸ್ ಅಲ್ಲ, ಬೇರೆ ಸೋಂಕು ಅಂತ ರಿಪೋರ್ಟ್ ಬರುವವರೆಗೆ ಈ ಸೀಮೆಯ ಲಾಯಗಳೆಲ್ಲ ಬಾಗಿಲು ಹಾಕಿಕೊಂಡು ಕೂತವು. ಸವಾರಿ ಶಾಲೆಗಳು ಮುಚ್ಚಿದವು. ಮದುವೆ ಸಾರೋಟಿನವರು ಲಗ್ನದ ಕಾಲದಲ್ಲಿ ಮನೆಯಲ್ಲಿ ಕೂತರು. ಇನ್ನು ಎಕ್ಸ್‌ಪೋ ಗಿಕ್ಸ್‌ಪೋ ಏನೂ ಬೇಡ ಅಂತ ಎಲ್ಲರೂ ಕೈಮುಗಿದರು.

ಮುಂದಿನ ವರ್ಷ ನಡೆಸೋಣ ಅಂತ ಹಟ ಹಿಡಿದವರಲ್ಲಿ ನಾನೂ ಒಬ್ಬಳು. ಕುದುರೆ ಸಾಕುವವರು ಈ ಜಿಲ್ಲೆಯಲ್ಲಿ ಒಬ್ಬರಿಗೊಬ್ಬರು ಕಾಣದ ಹಾಗೆ ಚೆದುರಿಕೊಂಡಿದ್ದಾರೆ. ನೆಲಮಂಗಲದ ಗೋಡೌನುಗಳ ಹಿಂದೆ ಒಂದು ಲಾಯ, ಹೊಸಕೋಟೆಯ ಕಡೆ ಇನ್ನೊಂದು, ನಂದಿಬೆಟ್ಟದ ತಪ್ಪಲಲ್ಲಿ ಮತ್ತೊಂದು. ಲಾಳ ಕಟ್ಟುವ ಒಳ್ಳೆಯ ಕೆಲಸಗಾರ ಎಲ್ಲಿ ಸಿಗುತ್ತಾನೆ, ಕುದುರೆಯ ಮೊನಚು ಹಲ್ಲನ್ನು ಅರದಿಂದ ಉಜ್ಜುವವರು ಯಾರು, ಬೂಷ್ಟು ಹಿಡಿದ ಹುಲ್ಲು ತಿಂದು ಹೊಟ್ಟೆನೋವು ಬಂದರೆ ಮೊದಲು ಏನು ಮಾಡಬೇಕು, ಇದೆಲ್ಲ ಎಕ್ಸ್‌ಪೋದಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ಕೆಲಸ ಮುಗಿದ ಕುದುರೆಗೆ ಇನ್ನೊಂದು ಮನೆ ಸಿಗುವುದು ಅಲ್ಲೇ. ಓಟ ಬಿಟ್ಟದ್ದು, ಶಾಲೆ ಮುಚ್ಚಿ ಉಳಿದದ್ದು, ಯಜಮಾನ ತೀರಿಕೊಂಡದ್ದು, ಎಲ್ಲ ಅಲ್ಲಿಗೆ ಬರುತ್ತವೆ. ಬೇರೆ ಕಡೆ ಅವನ್ನು ಕೇಳುವವರು ದಲ್ಲಾಳಿಗಳು, ಅವರು ಎಲ್ಲಿಗೆ ಸಾಗಿಸುತ್ತಾರೆ ಅಂತ ಕೇಳಬಾರದು. ಹಾಗಾಗಿ ನಾನೇ ಗೇಟಿನ ನಿಯಮ ಬರೆದುಕೊಟ್ಟೆ. ಅದರಲ್ಲಿ ಒಂದು ಸಾಲು: ಸುಳಿಯ ಜಾಗ ಬೋಳಿಸಿದ್ದರೆ, ಕಾರಣ ಏನೇ ಇರಲಿ, ಕುದುರೆ ವಾಪಸ್. ಮೊದಲ ವರ್ಷ ಕಾರಣ ಕೇಳಿಯೇ ಕೆಟ್ಟಿದ್ದೆವು, ಅದಕ್ಕೆ.

ಸುಳಿಯ ವಿಷಯ ಸ್ವಲ್ಪ ಹೇಳಬೇಕು. ನನಗೆ ಸುಳಿ ಅಂದರೆ ಬೆರಳಚ್ಚು ಇದ್ದ ಹಾಗೆ. ನಮ್ಮ ಜನಕ್ಕೆ ಸುಳಿ ಅಂದರೆ ಹಣೆಬರಹ. ಎತ್ತಿನಲ್ಲೂ ನೋಡುತ್ತಾರೆ, ಕುದುರೆಯಲ್ಲೂ ನೋಡುತ್ತಾರೆ. ಇಂಥ ಕಡೆ ಇದ್ದರೆ ಮನೆ ಬೆಳಗುತ್ತದೆ, ಇಂಥ ಕಡೆ ಇದ್ದರೆ ಯಜಮಾನನಿಗೆ ಆಗಿಬರುವುದಿಲ್ಲ. ಅದರಲ್ಲೂ ಕಣ್ಣಿನ ಕೆಳಗೆ, ನೀರು ಇಳಿಯುವ ಜಾಗದಲ್ಲಿ ಸುಳಿ ಇದ್ದರೆ ಅದಕ್ಕೆ ಕಣ್ಣೀರು ಸುಳಿ ಅಂತಾರೆ. ಆ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪುವುದಿಲ್ಲವಂತೆ. ಕಾರಿನಲ್ಲಿ ಬಂದು ಇಂಗ್ಲಿಷಿನಲ್ಲಿ ಮಾತಾಡುವವರೂ ಕೊನೆಗೆ ಮೆಲ್ಲಗೆ, ಸುಳಿ ಹೆಂಗಿದೆ ಮೇಡಂ ಅಂತ ಕೇಳದೆ ಬಿಡುವುದಿಲ್ಲ.

ಮಲ್ಲಿಗೆಗೆ ಎಡಗಣ್ಣಿನ ಕೆಳಗೆ ಅಂಥದೇ ಒಂದು ಸುಳಿ ಇತ್ತು.

ಮಲ್ಲಿಗೆ ಅಂದರೆ ದೊಡ್ಡಬಳ್ಳಾಪುರದ ಒಬ್ಬ ಯಜಮಾನರ ಬಿಳಿ ಹೆಣ್ಣು ಕುದುರೆ. ಅವರದು ನೇಕಾರರ ಮನೆತನ. ವಿದ್ಯುತ್ ಮಗ್ಗ ನಿಲ್ಲಿಸಿ, ಆ ಶೆಡ್ಡಿನಲ್ಲೇ ನಾಲ್ಕು ಕುದುರೆ ಕಟ್ಟಿ, ಊರಿನ ಮಕ್ಕಳಿಗೆ ಸವಾರಿ ಕಲಿಸಲು ಶುರು ಮಾಡಿದ್ದರು. ಮಗ್ಗ ಕೂರಿಸಿದ್ದ ಸಿಮೆಂಟಿನ ಗುಂಡಿಗಳೇ ನೀರಿನ ತೊಟ್ಟಿಗಳಾಗಿದ್ದವು. ಊರಲ್ಲಿ ಎಲ್ಲರೂ ನಕ್ಕರಂತೆ, ಸೀರೆ ನೇಯೋನು ಕುದುರೆ ಏರ್ತಾನಂತೆ ಅಂತ. ಅವರೂ ನಗುತ್ತಲೇ ನಡೆಸಿಕೊಂಡು ಬಂದರು. ಮನೆ ಪಾಲಾದಾಗ ಶೆಡ್ಡು ಅವರ ಅಣ್ಣನಿಗೆ ಹೋಯಿತು. ಅಣ್ಣ ಅದನ್ನು ಕೊರಿಯರ್ ಕಂಪನಿಯ ಗೋಡೌನಿಗೆ ಕೊಟ್ಟ. ಎರಡನೆಯ ವರ್ಷದ ಎಕ್ಸ್‌ಪೋ ಮುಗಿದ ವಾರದಲ್ಲೇ ಶೆಡ್ಡು ಖಾಲಿ ಮಾಡಬೇಕಿತ್ತು. ಮೂರು ಕುದುರೆಗೆ ಹೇಗೋ ಜಾಗ ಸಿಕ್ಕಿತು, ಮಲ್ಲಿಗೆ ಉಳಿದಳು.

ಅವಳಂಥ ಸಾಧು ಕುದುರೆಯನ್ನು ನಾನು ಹೆಚ್ಚು ಕಂಡಿಲ್ಲ. ರಕ್ತ ತೆಗೆಯುವಾಗ ಸೂಜಿ ಚುಚ್ಚಿದರೆ ತಲೆ ತಿರುಗಿಸಿ ನನ್ನ ಭುಜದ ಮೇಲೆ ಗದ್ದ ಇಡುತ್ತಿದ್ದಳು. ಕೊಳ್ಳಲು ಬಂದವರೆಲ್ಲ ಹತ್ತಿ ನೋಡಿ, ಮೆಚ್ಚಿ, ಮನೆಯ ಹಿರಿಯರನ್ನು ಕರೆದುಕೊಂಡು ಬರುತ್ತಿದ್ದರು. ಹಿರಿಯರು ಎಡಗಡೆಗೆ ಬಂದು ಮುಖ ನೋಡಿ ಹಿಂದೆ ಸರಿಯುತ್ತಿದ್ದರು. ಒಬ್ಬರಂತೂ ಮುಟ್ಟಿದ ಕೈ ತೊಳೆದುಕೊಳ್ಳಲು ನೀರು ಕೇಳಿದರಂತೆ.

ಎಕ್ಸ್‌ಪೋಗೆ ಮೊದಲು ನಾನೇ ಹೋಗಿ ರಕ್ತ ತೆಗೆದು, ನಾನೇ ಚಿತ್ರ ಬರೆದೆ. ಬಿಳಿ ಕುದುರೆಗಳ ಕಷ್ಟ ಏನೆಂದರೆ ಅವಕ್ಕೆ ಮಚ್ಚೆ ಇರುವುದಿಲ್ಲ, ಎಲ್ಲ ಒಂದೇ ಬಿಳುಪು. ಓಟದ ಕುದುರೆಗಾದರೆ ಕತ್ತಿನಲ್ಲಿ ಚಿಪ್ ಹಾಕಿರುತ್ತಾರೆ. ಮಲ್ಲಿಗೆಯಂಥವಕ್ಕೆ ಅದೂ ಇಲ್ಲ. ಸುಳಿಯೊಂದೇ ಗುರುತು. ಹಣೆಯ ನಡುವೆ ಒಂದು, ಕತ್ತಿನ ಎರಡೂ ಕಡೆ ಒಂದೊಂದು. ಅವು ಹತ್ತರಲ್ಲಿ ಎಂಟು ಕುದುರೆಗೆ ಇರುತ್ತವೆ. ಇದು ಮಲ್ಲಿಗೆಯೇ ಅಂತ ಹೇಳುವಂಥದು ಕಣ್ಣಿನ ಕೆಳಗಿನದೊಂದೇ. ಅದನ್ನು ನಾನು ಸ್ವಲ್ಪ ದೊಡ್ಡದಾಗಿಯೇ ಬರೆದೆ. ಯಜಮಾನರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ಅದನ್ನೂ ಹಾಕ್ಲೇಬೇಕಾ ಡಾಕ್ಟ್ರಮ್ಮ?"

"ಹಾಕ್ಲೇಬೇಕು ಯಜಮಾನ್ರೇ. ಅದೇ ಮುಖ್ಯ."

ಅವರು ಹಾಗೆ ಕೇಳಿದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಅವರು ಹೆದರಿದ್ದು ಕೊಳ್ಳುವವರು ಕಾಗದ ಓದಿಬಿಟ್ಟಾರು ಅಂತ. ಕಾಗದಕ್ಕೂ ಮುಖಕ್ಕೂ ತಾಳೆ ನೋಡುತ್ತಾರೆ ಅನ್ನುವುದು ಅವರ ಮನಸ್ಸಿಗೆ ಬಂದೇ ಇರಲಿಲ್ಲ.

ನನ್ನ ಲೆಕ್ಕಾಚಾರ ಬೇರೆಯಿತ್ತು. ಮೈಸೂರಿನ ಕಡೆಯಿಂದ ಒಂದು ಮಕ್ಕಳ ಕೇಂದ್ರದವರು ಎಕ್ಸ್‌ಪೋಗೆ ಬರುವವರಿದ್ದರು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಡೆಸುವ ಚಿಕಿತ್ಸೆ ಅವರದು. ಎಲ್ಲಕ್ಕಿಂತ ಮೊದಲು ಸಾಧು ಕುದುರೆ ಬೇಕು ಅವರಿಗೆ. ಅಲ್ಲಿಯ ಮೇಲ್ವಿಚಾರಕಿಗೆ ಫೋನು ಮಾಡಿ ಮಲ್ಲಿಗೆಯ ಬಗ್ಗೆ ಹೇಳಿದ್ದೆ. ಅವರು ಮೊದಲ ದಿನವೇ ನೋಡುತ್ತೇವೆ, ನಮ್ಮ ವ್ಯಾನು ತಂದಿರುತ್ತೇವೆ, ಅಂದೇ ಕರೆದುಕೊಂಡು ಹೋಗುತ್ತೇವೆ ಅಂದಿದ್ದರು. ಯಜಮಾನರಿಗೂ ಹೇಳಿದ್ದೆ. ಮೈಸೂರಿನವರು ಸುಳಿ ಲೆಕ್ಕಕ್ಕೆ ಇಡುವವರಲ್ಲ ಅನ್ನುವ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಹೇಳಬೇಕಾದದ್ದು ಅಂತ ತೋಚಿದ್ದರೆ ತಾನೇ?

ಎಕ್ಸ್‌ಪೋದ ಮೊದಲ ಬೆಳಗ್ಗೆ ಮಂಜು ಬಿದ್ದಿತ್ತು. ಲಾರಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಶುರುವಿನಲ್ಲೇ ಒಂದು ಜಗಳ ಆಯಿತು. ಹೊಸಕೋಟೆ ಕಡೆಯ ದೊಡ್ಡ ಲಾಯವೊಂದರ ಮ್ಯಾನೇಜರು ತಂದ ಕಂದು ಕುದುರೆಯ ಕತ್ತಿನ ಒಂದು ಕಡೆ ಕೂದಲು ಬೋಳಿಸಿತ್ತು. ಅಲ್ಲಿ ಹುಳುಕಡ್ಡಿಯಾಗಿತ್ತು, ಮುಲಾಮು ಹಚ್ಚೋಕೆ ತೆಗೆದ್ವಿ ಅಂದ. ನಿಜವೇ ಇರಬಹುದು. ಚಿತ್ರದಲ್ಲಿ ಆ ಜಾಗದಲ್ಲಿ ಸುಳಿ ಇತ್ತು, ಕುದುರೆಯಲ್ಲಿ ಇರಲಿಲ್ಲ. ವಾಪಸ್ ಅಂದೆ. ಅವನು ಕೂಗಾಡಿದ, ಯಾರು ಯಾರಿಗೋ ಫೋನು ಮಾಡಿದ. ನಾನು ಜಗ್ಗಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೆ ಒಳಗೊಳಗೆ ಖುಷಿಯೇ ಆಯಿತು. ಗೇಟು ಅಂದರೆ ಹೀಗಿರಬೇಕು ಅನ್ನಿಸಿತು. ಅವನು ಲಾರಿಯನ್ನು ತಿರುಗಿಸದೆ ರಸ್ತೆಯ ಬದಿಗೆ ಹಾಕಿಕೊಂಡು, ಟೀ ಕುಡಿಯುತ್ತಾ ನನ್ನನ್ನೇ ನೋಡುತ್ತಾ ನಿಂತ.

ಮಂಜು ಕರಗುವ ಹೊತ್ತಿಗೆ ಯಜಮಾನರ ಟೆಂಪೋ ಬಂತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಮದುವೆಗೆ ಹೊರಟವರಂತೆ. ಮಲ್ಲಿಗೆಯ ಜೂಲು ಬಾಚಿ ಹೆಣೆದಿತ್ತು. ಹಲಗೆ ಇಳಿಸಿದ ಮೇಲೆ ಅವಳು ಒಂದೊಂದೇ ಹೆಜ್ಜೆ ಇಟ್ಟು ಇಳಿದು, ನನ್ನ ಕೈ ಮೂಸಿದಳು. ಜ್ವರ ಇಲ್ಲ. ಮೂಗು ಶುದ್ಧ. ದವಡೆಯ ಗಂಟು ಸರಿ. ಚಿತ್ರ ಬಿಚ್ಚಿಟ್ಟುಕೊಂಡು ಹಣೆಯ ಸುಳಿ ನೋಡಿದೆ, ಇತ್ತು. ಎಡಗಡೆಗೆ ಬಂದೆ.

ಕಣ್ಣಿನ ಕೆಳಗೆ ಏನೋ ಮಾಸಲಾಗಿ ಕಂಡಿತು. ಧೂಳಿರಬೇಕು ಅಂತ ಹೆಬ್ಬೆರಳಿಂದ ಒರೆಸಿದೆ. ಬೆರಳಿಗೆ ಬಿಳಿ ಪುಡಿ ಹತ್ತಿತು, ಘಮ್ಮೆಂದಿತು. ಮುಖಕ್ಕೆ ಹಾಕುವ ಪೌಡರು. ಪೌಡರ್ ಹೋದ ಜಾಗದಲ್ಲಿ ಕರಿ ಚರ್ಮ ಕಾಣಿಸಿತು. ಬಿಳಿ ಕುದುರೆಯ ಕೂದಲ ಕೆಳಗೆ ಚರ್ಮ ಕಪ್ಪು. ಎಲ್ಲಿ ಬೋಳಿಸಿದರೂ ಅದು ಕಾಣದೆ ಇರುವುದಿಲ್ಲ. ಒಂದು ರೂಪಾಯಿ ಅಗಲದಷ್ಟು ಜಾಗ, ಒಂದು ಗೀರು ಕೂಡ ಇಲ್ಲದ ಹಾಗೆ ಬೋಳಿಸಿತ್ತು. ಸೀರೆಯ ಮೇಲಿನ ನೂಲಿನ ತುದಿ ಕತ್ತರಿಸಿ ಪಳಗಿದ ಕೈ ಅದು.



"ಏನ್ ಮಾಡ್ಬಿಟ್ರಿ ಯಜಮಾನ್ರೇ ಇದು?"

"ಕಾಣ್ಬಾರ್ದು ಅಂತ... ನಿನ್ನೆ ಸಂಜೆ ತೆಗ್ದೆ ಡಾಕ್ಟ್ರಮ್ಮ. ಪೌಡರ್ ಹಾಕಿದ್ದು ನಮ್ಮನೆಯೋರು." ಅವರು ನಗಲು ನೋಡಿದರು. "ಮೈಸೂರೋರು ದೂರದಿಂದ ಬರ್ತಾವ್ರೆ. ಇದನ್ನ ನೋಡಿ ಅವರೂ ಹಿಂದಕ್ಕೆ ಹೋಗ್ಬಿಟ್ರೆ?"

"ಇದೇ ಸುಳೀನ ಪೇಪರಲ್ಲಿ ಬರ್ದಿದೀನಲ್ರಿ! ಇದು ಇಲ್ಲ ಅಂದ್ರೆ ಇವಳು ಮಲ್ಲಿಗೆ ಅಂತ ಹೆಂಗೆ ಹೇಳ್ಲಿ?"

"ನಿಮಗೆ ಗೊತ್ತಲ್ಲ, ಇವಳು ಮಲ್ಲಿಗೆ ಅಂತ," ಅಂದರು ಅವರು. ಅಷ್ಟು ಸರಳವಾಗಿ ಅಂದರು.

ಗೊತ್ತಿತ್ತು. ನನ್ನ ಕೈ ಮೂಸಿದ ರೀತಿಯಲ್ಲೇ ಗೊತ್ತಾಗಿತ್ತು. ಆದರೆ ಮೊದಲ ವರ್ಷವೂ ನನಗೆ ಎಲ್ಲ ಗೊತ್ತು ಅಂತಲೇ ಅಂದುಕೊಂಡಿದ್ದೆ.

ರಸ್ತೆ ಬದಿಯಿಂದ ಹೊಸಕೋಟೆಯ ಮ್ಯಾನೇಜರು ಟೀ ಲೋಟ ಹಿಡಿದುಕೊಂಡೇ ಬಂದ. ಮಲ್ಲಿಗೆಯ ಮುಖ ನೋಡಿದ, ನನ್ನ ಮುಖ ನೋಡಿದ. "ಓಹೋ. ಬಿಡಿ ಮೇಡಂ, ಬಿಡಿ. ನಮ್ದಾದ್ರೆ ರೂಲ್ಸು. ಗುರುತಿರೋರ್ದಾದ್ರೆ ಗೇಟು ತೆಗಿಯುತ್ತೆ. ನಾವೂ ನೋಡ್ತೀವಿ." ಹಿಂದಿನ ಲಾರಿಗಳಲ್ಲಿ ಬಂದಿದ್ದವರು ಇಳಿದು ಸುತ್ತ ನಿಂತರು. ಯಾರೋ ಮೊಬೈಲು ಎತ್ತಿ ಹಿಡಿದ.

ನಾನು ಸ್ವಲ್ಪ ಹೊತ್ತು ಬೇಕು ಅಂತ ಹೇಳಿ ಮಲ್ಲಿಗೆಯನ್ನು ಶಾಮಿಯಾನದ ಪಕ್ಕಕ್ಕೆ ಕರೆದುಕೊಂಡು ಹೋದೆ. ಕೂದಲು ಬೋಳಿಸಿದರೂ ಬುಡ ಚರ್ಮದಲ್ಲಿ ಉಳಿದಿರುತ್ತದೆ, ಬುಡಗಳು ಯಾವ ಕಡೆ ವಾಲಿವೆ ಅಂತ ಕಂಡರೆ ಸುಳಿ ಎಲ್ಲಿತ್ತು ಅಂತ ಹೇಳಬಹುದು. ಸ್ಪಿರಿಟ್ಟಿನಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಬೇರೆ ಯಾರಾದರೂ ಬೋಳಿಸಿದ್ದರೆ ಒಂದಿಷ್ಟು ಮೊಳಕೆ ಉಳಿದಿರುತ್ತಿತ್ತೇನೋ. ಇವರು ಉಳಿಸಿರಲಿಲ್ಲ. ಕರಿ ಚರ್ಮದ ಮೇಲೆ ಕರಿ ಚುಕ್ಕೆಗಳು, ನನಗೆ ಬೇಕೆಂದ ಕಡೆಗೆಲ್ಲ ವಾಲಿದ ಹಾಗೆ ಕಂಡವು. ನನ್ನ ಆಸೆಯೇ ನನ್ನ ಕಣ್ಣಿಗೆ ಕಾಣುತ್ತಿದೆ ಅನ್ನಿಸಿ ಭೂತಗನ್ನಡಿ ಕೆಳಗಿಟ್ಟೆ. ಮಲ್ಲಿಗೆ ಅಷ್ಟು ಹೊತ್ತೂ ಅಲುಗದೆ ನಿಂತಿದ್ದಳು.

ಎಕ್ಸ್‌ಪೋ ಸಮಿತಿಯ ಕಾರ್ಯದರ್ಶಿಯನ್ನು ಕರೆಸಿದೆ. ಗೇಟಿನ ಹೊರಗೆ, ಬೇರೆ ಕುದುರೆಗಳಿಂದ ದೂರ, ಒಂದು ಕಂಬಕ್ಕೆ ಕಟ್ಟಿಕೊಳ್ಳಲಿ, ನೋಡುವವರು ಅಲ್ಲೇ ಬಂದು ನೋಡಲಿ ಅಂತ ಕೇಳಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಹೆದರಿದ್ದರು.

"ಮೇಡಂ, ಲಾರಿ ಎಲ್ಲ ಹೋಗೋದು ಅದೇ ದಾರೀಲಿ. ನೀವೇ ಬರ್ದಿರೋ ರೂಲ್ಸು ಇದು. ಹೋದ್ ವರ್ಷ ಆದ್ಮೇಲೆ ಈ ಜನಾನ ಮತ್ತೆ ಒಟ್ಟಿಗೆ ಸೇರ್ಸೋಕೆ ನಾನು ಎಷ್ಟು ಬಾಗ್ಲು ತಟ್ಟಿದೀನಿ ಗೊತ್ತಾ ನಿಮಗೆ? ನಿಮ್ಮನ್ನ ನಂಬ್ಕೊಂಡು ಕುದುರೆ ತಂದವ್ರೆ. ಇವತ್ತು ನೀವು ಒಂದು ಬಿಟ್ರೆ, ನಾಳೆ ಅವರೆಲ್ಲ ಕಟ್ಕೊಂಡು ವಾಪಸ್ ಹೋಯ್ತಾರೆ."

ಅವರು ಹೇಳಿದ್ದು ನಿಜ. ಅದು ನಿಜವಾದದ್ದಕ್ಕೇ ನನಗೆ ಸಿಟ್ಟು ಬಂತು.

ಮಕ್ಕಳ ಕೇಂದ್ರದ ಮೇಲ್ವಿಚಾರಕಿ ಆಗಲೇ ಒಳಗಿದ್ದರು. ಫೋನು ಮಾಡಿ ಗೇಟಿಗೆ ಕರೆಸಿದೆ. ಹತ್ತಿ ಸೀರೆ ಉಟ್ಟ, ಮಾತು ಕಡಿಮೆಯ ಹೆಂಗಸು. ಯಜಮಾನರು ಮಲ್ಲಿಗೆಯನ್ನು ಅಷ್ಟು ಹೊತ್ತಿಗೆ ಟೆಂಪೋಗೆ ಹತ್ತಿಸಿದ್ದರು. ಆಕೆ ಟೆಂಪೋ ಹತ್ತಿ ಅವಳ ಕಾಲುಗಳ ನಡುವೆ ಕೂತು ಎದ್ದರು, ಬಾಲ ಎಳೆದರು, ಕಿವಿಯ ಬಳಿ ಜೋರಾಗಿ ಚಪ್ಪಾಳೆ ತಟ್ಟಿದರು. ಮಲ್ಲಿಗೆ ಆಕೆಯ ಭುಜದ ಮೇಲೆ ಗದ್ದ ಇಟ್ಟಳು. ಆಕೆಯ ಮುಖ ಅರಳಿದ್ದು ನನಗೆ ಕಂಡಿತು.

"ಇವಳೇ ಬೇಕು ನಮಗೆ. ಯಾಕೆ ಒಳಗೆ ಬಿಟ್ಟಿಲ್ಲ?"

ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಸುಳಿ, ಬ್ಲೇಡು, ಪೌಡರು. ಆಕೆ ಯಜಮಾನರ ಕಡೆ ತಿರುಗಿದರು.

"ಸುಳಿ ನೋಡೋಕೆ ನಾವೇನು ಸಂಬಂಧ ಬೆಳೆಸೋಕೆ ಬಂದಿದ್ವಾ ಯಜಮಾನ್ರೇ? ನಮಗೆ ಅದೆಲ್ಲ ಇಲ್ಲ. ಇದ್ದ ಹಾಗೇ ತಂದಿದ್ರೆ ಈಗ ನಮ್ಮ ವ್ಯಾನಲ್ಲಿ ಇರ್ತಿದ್ಲು."

ಯಜಮಾನರು ಟೆಂಪೋದ ಹಲಗೆ ಹಿಡಿದುಕೊಂಡು ನಿಂತರು.

"ಈಗ್ಲೂ ತಗೊಂಡ್ಹೋಗಿ ಮೇಡಂ," ಅಂದೆ ನಾನು. ಗೇಟಿನ ಡಾಕ್ಟರು ಆಡುವ ಮಾತಲ್ಲ ಅದು. "ಇನ್ನೊಂದ್ಸಲ ರಕ್ತ ತೆಗೆದು ಕಳಿಸ್ತೀನಿ. ಇವಳಿಗೆ ಏನೂ ಇಲ್ಲ, ನನಗೆ ಗೊತ್ತು."

ಆಕೆ ಟೆಂಪೋದಿಂದ ಇಳಿದರು. "ನಮ್ಮ ಮಕ್ಕಳು ಕುದುರೇನ ತಬ್ಕೊಂಡೇ ಕೂತಿರ್ತಾರೆ ಡಾಕ್ಟ್ರೇ. ಬಾಯಿಗೆ ಬಾಯಿ ತಾಗುತ್ತೆ. ಅವರ ತಂದೆತಾಯಿಗೆ ನಾನು ಏನ್ ಹೇಳ್ಲಿ? ನಿಮಗೆ ಗೊತ್ತು ಅಂತ ಹೇಳ್ಲಾ? ನೀವೇ ಇವಳನ್ನ ಒಳಗೆ ಬಿಡ್ಲಿಲ್ಲವಲ್ಲ." ಆಮೇಲೆ ಮೆತ್ತಗೆ ಅಂದರು, "ನೀವು ಈ ಗೇಟು ತೆಗೆದ್ರೆ ನಾನು ಈಗ್ಲೇ ಕರ್ಕೊಂಡು ಹೋಗ್ತೀನಿ."

ಮಾತು ನನ್ನ ಹತ್ತಿರಕ್ಕೇ ವಾಪಸ್ ಬಂತು. ನಾನು ಗೇಟಿನ ಕಡೆ ನೋಡಿದೆ. ಮ್ಯಾನೇಜರು ನಿಂತಿದ್ದ, ಕಾರ್ಯದರ್ಶಿ ನಿಂತಿದ್ದರು, ಲಾರಿಗಳ ಸಾಲಿನಲ್ಲಿ ಕುದುರೆಗಳು ಕಾಲು ಬಡಿಯುತ್ತಿದ್ದವು. ಒಳಗಡೆ ಮೈಕಿನಲ್ಲಿ ಲಾಳ ಕಟ್ಟುವ ಪ್ರಾತ್ಯಕ್ಷಿಕೆ ಶುರುವಾಗುತ್ತದೆ ಅಂತ ಕೂಗುತ್ತಿದ್ದರು. ಮಲ್ಲಿಗೆಯಂಥ ಇನ್ನೆಷ್ಟೋ ಕುದುರೆಗಳು ಒಳಗೆ ಕಂಬಕ್ಕೆ ಕಟ್ಟಿಸಿಕೊಂಡು ಯಾರಾದರೂ ಬಂದಾರಾ ಅಂತ ನಿಂತಿದ್ದವು. ಅವಕ್ಕೆ ಈ ಬಯಲು ಬಿಟ್ಟರೆ ಬೇರೆ ಬಾಗಿಲಿಲ್ಲ. ನಾನು ಸರ್ಟಿಫಿಕೇಟಿನ ಮೇಲೆ ತಾಳೆಯಾಗಿಲ್ಲ ಅಂತ ಬರೆದು ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕೇಂದ್ರದವರು ಒಳಗಿದ್ದ ಬೇರೊಂದು ಕುದುರೆಯನ್ನು ವ್ಯಾನಿಗೆ ಹತ್ತಿಸಿಕೊಂಡು ಗೇಟು ದಾಟಿ ಹೋದರು. ಮುದಿ ಓಟದ ಕುದುರೆ, ಅದೂ ಸಾಧುವೇ. ಅದಕ್ಕೆ ಮನೆ ಸಿಕ್ಕಿದ್ದಕ್ಕೆ ನಾನು ಸಂತೋಷ ಪಡಬೇಕಿತ್ತು. ಪಟ್ಟೆನೋ ಇಲ್ಲವೋ ನೆನಪಿಲ್ಲ.

ಎಕ್ಸ್‌ಪೋ ಮುಗಿದ ಮರುದಿನವೇ ಯಜಮಾನರ ಶೆಡ್ಡಿಗೆ ಹೋಗಿ ಮತ್ತೆ ರಕ್ತ ತೆಗೆದೆ. ಅರ್ಧ ಶೆಡ್ಡಿನಲ್ಲಿ ಆಗಲೇ ರಟ್ಟಿನ ಪೆಟ್ಟಿಗೆಗಳು ಬಂದು ಕೂತಿದ್ದವು. ಕಣ್ಣಿನ ಕೆಳಗಿನ ಜಾಗವನ್ನು ಚಿತ್ರದಲ್ಲಿ ಬೋಳಿಸಿದೆ ಅಂತಲೇ ಬರೆದೆ. ಉತ್ತರ ಭಾರತದ ಪ್ರಯೋಗಾಲಯಕ್ಕೆ ರಕ್ತ ಹೋಗಿ ರಿಪೋರ್ಟ್ ಬರಲು ವಾರಗಟ್ಟಲೆ ಬೇಕು. ಅಷ್ಟು ದಿನ ಅವಳನ್ನು ಎಲ್ಲಾದರೂ ಇಟ್ಟುಕೊಳ್ಳಿ ಅಂತ ನನಗೆ ಗೊತ್ತಿದ್ದ ಲಾಯದವರನ್ನೆಲ್ಲ ಕೇಳಿದೆ. ರಾಜಘಟ್ಟದ ಹತ್ತಿರ ತೋಟವಿದ್ದ ಒಬ್ಬರು ಮೊದಲು ಹೂಂ ಅಂದವರು, ಸಂಜೆ ಫೋನು ಮಾಡಿ, "ಇದು ಗೇಟಲ್ಲಿ ವಾಪಸ್ ಕಳ್ಸಿದ ಕುದುರೆ ಅಲ್ವಾ ಮೇಡಂ? ಯಾಕೆ ಬೇಕು ಬಿಡಿ, ನಮ್ಮಲ್ಲೂ ಎರಡು ಅವೆ," ಅಂದರು. ಮೊಬೈಲಿನಲ್ಲಿ ತೆಗೆದ ವಿಡಿಯೋ ಎಲ್ಲರ ಕೈಗೂ ಹೋಗಿತ್ತು. ಎಲ್ಲ ಕಡೆ ಅದೇ ಮಾತು. ಮಲ್ಲಿಗೆಗೆ ಹುಟ್ಟಿನಿಂದ ಇದ್ದ ಸುಳಿ ಒಂದು, ನಾನು ಹಾಕಿದ ಸುಳಿ ಇನ್ನೊಂದು. ಮೊದಲನೆಯದನ್ನು ಬ್ಲೇಡಿನಿಂದ ತೆಗೆಯಬಹುದಿತ್ತು.

ಎಕ್ಸ್‌ಪೋದಲ್ಲಿ ಆ ಸಲ ರೋಗ ಬರಲಿಲ್ಲ. ಬಂದ ಕುದುರೆಗಳೆಲ್ಲ ಆರೋಗ್ಯವಾಗಿ ಹಿಂತಿರುಗಿದವು, ಹಲವಕ್ಕೆ ಹೊಸ ಮನೆಗಳಾದವು. ಸಮಿತಿಯವರು ನನಗೆ ಶಾಲು ಹೊದಿಸಿದರು. ಆ ಶಾಲನ್ನು ಎಲ್ಲಿಟ್ಟೆ ಅಂತ ಗೊತ್ತಿಲ್ಲ, ಹುಡುಕಿಯೂ ಇಲ್ಲ.

ರಿಪೋರ್ಟ್ ಬಂದ ದಿನ ನಾನು ನೆಲಮಂಗಲದಲ್ಲಿ ಒಂದು ಹಸುವಿನ ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದೆ. ನೆಗೆಟಿವ್. ಏನೂ ಇಲ್ಲ. ಒದ್ದೆ ಕೈಯಲ್ಲೇ ಯಜಮಾನರಿಗೆ ಫೋನು ಹಚ್ಚಿದೆ.

"ಯಜಮಾನ್ರೇ, ಬಂತು! ಏನೂ ಇಲ್ಲ. ಮೈಸೂರಿನೋರ್ಗೆ ಈಗ್ಲೇ ಮಾತಾಡ್ತೀನಿ, ಅವರಿಗೆ ಇನ್ನೊಂದು ಕುದುರೆ ಬೇಕಂತೆ."

ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು. ಬೇರೆಯವರ ಮಗ್ಗದಲ್ಲಿ ಕೂಲಿಗೆ ಹೋಗುತ್ತಿದ್ದರು ಆಗ.

"ಅವಳು ಹೋದ್ಲು ಡಾಕ್ಟ್ರಮ್ಮ. ಗೋಡೌನೋರು ಬೀಗ ಹಾಕ್ತೀವಿ ಅಂದ್ರು. ಒಬ್ಬ ದಲ್ಲಾಳಿ ಬಂದ. ಪೇಪರ್ ಬ್ಯಾಡ, ಗೀಪರ್ ಬ್ಯಾಡ, ಕುದುರೆ ಹತ್ಸಿ ಅಂದ."

"ಎಲ್ಲಿಗೆ ಕರ್ಕೊಂಡು ಹೋದ?"

"ಕೇಳ್ದೆ. ಹೇಳ್ಲಿಲ್ಲ. ಆಮೇಲೆ ಫೋನು ಮಾಡಿದ್ರೆ ಆ ನಂಬರ್ರೇ ಇಲ್ಲ ಅಂತದೆ."

ನಾನು ಆ ಕೊಟ್ಟಿಗೆಯಲ್ಲೇ ಕೂತು ಅತ್ತೆ. ಹಸುವಿನ ಮನೆಯವರು ಕರುವಿಗೆ ಏನೋ ಆಯಿತು ಅಂತ ಗಾಬರಿಯಾಗಿ ಓಡಿ ಬಂದರು.

ಮೂರನೆಯ ವರ್ಷದ ಎಕ್ಸ್‌ಪೋಗೆ ಮೊದಲೇ ನಾನು ಸಮಿತಿಯವರ ಬೆನ್ನು ಹತ್ತಿ ಊರೂರಿನಲ್ಲಿ ಕುದುರೆಗಳಿಗೆ ಚಿಪ್ ಹಾಕಿಸಿದೆ. ಗೇಟಿನಿಂದ ದೂರ ಒಂದು ಪ್ರತ್ಯೇಕ ಕೊಟ್ಟಿಗೆಯನ್ನೂ ಕಟ್ಟಿಸಿದೆ. ಸಂಶಯ ಬಂದ ಕುದುರೆಯನ್ನು ಓಡಿಸದೆ ಅಲ್ಲಿ ಇಟ್ಟುಕೊಂಡು ಮರುಪರೀಕ್ಷೆ ಮಾಡಬಹುದು. ಈಗ ಎಲ್ಲರೂ ಒಳ್ಳೆ ಕೆಲಸ ಅಂತಾರೆ. ನಿಯಮ ಬರೆಯುವ ದಿನವೇ ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ಸಲ ಯಜಮಾನರು ಬಂದರು, ಕುದುರೆಯಿಲ್ಲದೆ. ನನ್ನ ಶಾಮಿಯಾನದ ಆಚೆ, ಲಾರಿಗಳು ನಿಲ್ಲುವ ಕಡೆ, ಬೆಳಗಿನಿಂದ ನಿಂತಿದ್ದರು. ಬಿಳಿ ಹೆಣ್ಣು ಕುದುರೆ ಇಳಿದಾಗಲೆಲ್ಲ ಎಡಗಡೆಗೆ ಹೋಗಿ, ಬಗ್ಗಿ ಮುಖ ನೋಡುತ್ತಿದ್ದರು. ಕುದುರೆಯವರು ಒಬ್ಬಿಬ್ಬರು ಗದರಿಸಿದರು. ಮಧ್ಯಾಹ್ನ ಲಾರಿಗಳು ಕಡಿಮೆಯಾದಾಗ ನಾನೇ ಹೋಗಿ ಮಾತಾಡಿಸಿದೆ.

"ಒಳಗೆ ಹೋಗಿ ಯಜಮಾನ್ರೇ. ಊಟ ಇದೆ, ನೆರಳಿದೆ."

"ಇಲ್ಲೇ ಇರ್ತೀನಿ ಡಾಕ್ಟ್ರಮ್ಮ. ಈ ಸೀಮೆ ಕುದುರೆಯೆಲ್ಲ ಇಲ್ಲಿಗೆ ಬಂದೇ ಬರ್ತವೆ ಅಂತ ನೀವೇ ಅಂದಿದ್ರಿ."

ಅಂದಿದ್ದೆ. ಆದರೆ ಇಲ್ಲಿಗೆ ಬರುವುದು ಕಾಗದ ಇರುವ ಕುದುರೆಗಳು. ದಲ್ಲಾಳಿಯ ಕೈಗೆ ಹೋದ, ಹೆಸರೂ ಕಾಗದವೂ ಇಲ್ಲದ ಕುದುರೆಯನ್ನು ಈ ಗೇಟಿಗೆ ಯಾರೂ ತರುವುದಿಲ್ಲ. ನಾನು ನಿಂತಿದ್ದೇನೆ ಅಂತಲೇ ತರುವುದಿಲ್ಲ. ಅದನ್ನು ಹೇಳದೆ ಅವರನ್ನು ಬಿಸಿಲಲ್ಲಿ ನಿಲ್ಲಿಸುವುದು ಸರಿಯಲ್ಲ ಅನ್ನಿಸಿತು.

"ಪೇಪರ್ ಇಲ್ಲದ ಕುದುರೆ ಇಲ್ಲಿಗೆ ಬರಲ್ಲ ಯಜಮಾನ್ರೇ. ಬಂದ್ರೂ..."

"ಬಂದ್ರೂ ನೀವು ಬಿಡಲ್ಲ. ಗೊತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಬಿಡ್ಬೇಡಿ. ಆದ್ರೆ ವಾಪಸ್ ಕಳ್ಸೋಕ್ಮುಂಚೆ ಒಂದ್ಸಲ ನನ್ನ ಕೂಗಿ."

ಕೂಗ್ತೀನಿ ಅಂದೆ.